ಎರಡು ತಟ್ಟು

ಟಾಲಿವರ್, ಟೆಕ್ಸಸ್
ಆಗಸ್ಟ್ 19, 1986

ಕರ್ಬಿ,

ಫೋನಿನಲ್ಲಿ ನಮ್ಮಿಬ್ಬರ ಮಾತುಕತೆ ಹೇಗಿರುತ್ತದೆಂದು ನಿನಗೂ ಗೊತ್ತು. "ಹೇಗಿದೀಯ?" "ಇದೀನಿ." "ಸ್ಕೂಲು?" "ನಡೀತಿದೆ." ಆಮೇಲೆ ನೂರಿಪ್ಪತ್ತು ಮೈಲಿ ತಂತಿಯ ಮೇಲೆ ಗಾಳಿ ಬೀಸುವ ಸದ್ದು ಕೇಳುತ್ತಾ ಇಬ್ಬರೂ ನಿಂತಿರುತ್ತೇವೆ. ಅದಕ್ಕೇ ಕಾಗದ ಹಿಡಿದೆ. ಕಾಗದದಲ್ಲಿ ನೀನು ಸುಮ್ಮನಿದ್ದರೂ ನನಗೆ ಕೇಳಿಸುವುದಿಲ್ಲ.

ಇಲ್ಲಿ ಶಾಲೆಯ ಫುಟ್‌ಬಾಲ್ ಅಭ್ಯಾಸ ಶುರುವಾಗಿ ಒಂಬತ್ತು ದಿನ. ಬಿಸಿಲಿಗೆ ಮೈದಾನದ ಹುಲ್ಲೆಲ್ಲ ಸುಟ್ಟ ಬ್ರೆಡ್ಡಿನ ಬಣ್ಣಕ್ಕೆ ಬಂದಿದೆ. ಹುಡುಗರು ವಾಂತಿ ಮಾಡಿಕೊಳ್ಳುತ್ತಾರೆ, ಬಾಯಿ ಒರೆಸಿಕೊಂಡು ಮತ್ತೆ ಓಡುತ್ತಾರೆ. ಹತ್ತೊಂಬತ್ತು ವರ್ಷದಿಂದ ನಾನು ಇದೇ ಸುಣ್ಣದ ಗೆರೆಯ ಮೇಲೆ ನಿಂತು, ತಡೆಯುವ ಹನ್ನೊಂದು ಹುಡುಗರಿಗೆ ಇದೇ ಮಾತು ಕೂಗುತ್ತಿದ್ದೇನೆ: ಎದುರಿನವರನ್ನು ಮುಂದೆ ಬಿಡಬೇಡಿ. ನಾಲ್ಕು ಯತ್ನದಲ್ಲಿ ಅವರಿಗೆ ಹತ್ತು ಗಜ ಸಿಗದಿದ್ದರೆ ಚೆಂಡು ನಮ್ಮದು. ನನ್ನ ಬದುಕೆಲ್ಲ ಆ ಹತ್ತು ಗಜದಲ್ಲೇ ಕಳೆಯಿತು. ಆದರೆ ಈ ವರ್ಷ ಯಾಕೋ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಅಂಗಿಯೊಳಗೆ ಇರುವೆ ಬಿಟ್ಟ ಹಾಗೆ ಆ ತುದಿಯಿಂದ ಈ ತುದಿಗೆ ಕುಂಟುತ್ತಿರುತ್ತೇನೆ. ಮುಖ್ಯ ಕೋಚ್ ಗ್ರೇಡಿ ಪೂಲ್ ನಿನ್ನೆ ರೇಗಿದ: "ಏನಯ್ಯಾ ರಾಯ್ಸ್, ಒಂದ್ಕಡೆ ನಿಂತ್ಕೋ. ನಿನ್ನ ನೋಡ್ತಾ ನೋಡ್ತಾ ನನ್ ಕುತ್ತಿಗೆ ಉಳುಕ್ತು."

ಕಾರಣ ನೀನೇ ಇರಬೇಕು. ನಿಮ್ಮ ಪ್ರೇಟರ್ ಶಾಲೆಗೆ ಹೊಸ ಕೋಚ್ ಬಂದಿದ್ದಾನಂತೆ. ಚೆಂಡು ಹೊತ್ತು ಓಡುವುದು ಬೇಡ, ಎಸೆಯಿರಿ ಎನ್ನುತ್ತಾನಂತೆ. ಎಸೆಯುವವನು ನೀನಂತೆ. ಒಂದು ಆಟಕ್ಕೆ ನಲವತ್ತು ಎಸೆತವಂತೆ! ನಮ್ಮ ಸೀಮೆಯಲ್ಲಿ ನಲವತ್ತು ಎಸೆತಕ್ಕೆ ಒಂದು ವರ್ಷ ಬೇಕಾಗುತ್ತಿತ್ತು. ಕ್ಷೌರದಂಗಡಿಯಲ್ಲಿ ನನ್ನ ಮಾನ ಹರಾಜಾಯಿತು. "ರಾಯ್ಸ್, ನಿನ್ ಮಗ ಚೆಂಡಿಗೆ ರೆಕ್ಕೆ ಕಟ್ಟಿದಾನಂತಲ್ಲ, ನಿನ್ ಹತ್ರ ಬಲೆ ಇದ್ಯಾ?" ಎಂದು ಕೇಳಿದರು. ಅದೂ ಮುಖಕ್ಕೆ ಸೋಪು ಹಚ್ಚಿದ ಮೇಲೆ, ಬಾಯಿ ತೆರೆಯುವ ಹಾಗಿರಲಿಲ್ಲ.

ನಿಜ ಹೇಳಬೇಕೆಂದರೆ ಹೆಮ್ಮೆಯಾಯಿತು. ಎರಡೇ ಸಾಲಾದರೂ ಸರಿ, ಬರೆ.

ನಿನ್ನ ಅಪ್ಪ,
ರಾಯ್ಸ್ ಟಟಲ್


ಪ್ರೇಟರ್
ಸೆಪ್ಟೆಂಬರ್ 8, 1986

ಕೋಚ್ ಟಟಲ್ ಅವರಿಗೆ,

ಮೊದಲ ಆಟ ಗೆದ್ದೆವು, 41-6. ಮೂವತ್ತೆಂಟು ಸಲ ಎಸೆದೆ, ಇಪ್ಪತ್ತೇಳು ಕೈ ಸೇರಿದವು. ನೀವು ಕೇಳಿದ ಎರಡು ಸಾಲು ಇಲ್ಲಿಗೆ ಮುಗಿಯಿತು.

ಉಳಿದದ್ದು ಬೇಡವಾದರೆ ಓದಬೇಡಿ. ಹೆಮ್ಮೆಯಾಯಿತು ಎಂದು ಬರೆದಿದ್ದೀರಿ. ಒಂಬತ್ತನೆಯ ತರಗತಿಯಲ್ಲಿ ನಾನು ಎಸೆಯುತ್ತೇನೆಂದು ಕೈ ಎತ್ತಿದಾಗ, "ಎಸೆಯೋದು ಸೋಮಾರಿಗಳ ಕೆಲ್ಸ, ಹೋಗಿ ಹಿಂದ್ಗಡೆ ಕಾವಲು ನಿಂತ್ಕೋ" ಎಂದು ಎಲ್ಲರೆದುರು ಕಳಿಸಿದವರು ನೀವೇ. ಇಡೀ ತಂಡ ನಕ್ಕಿತು. ನೀವೂ ನಕ್ಕಿರಿ.

ಅದನ್ನಾದರೂ ಮರೆಯಬಹುದು. ಅಮ್ಮನ ಸೂಟ್‌ಕೇಸ್ ಮರೆಯಲಾರೆ. ನೀಲಿ ಬಣ್ಣದ್ದು, ಎರಡು ದಿನ ಬಾಗಿಲ ಪಕ್ಕದಲ್ಲೇ ನಿಂತಿತ್ತು. ನೀವು ಅದನ್ನು ದಾಟಿಕೊಂಡು ಆಟದ ಫಿಲ್ಮ್ ನೋಡಲು ಹೋದಿರಿ, ದಾಟಿಕೊಂಡು ಬಂದು ಊಟ ಮಾಡಿದಿರಿ, ಮತ್ತೆ ದಾಟಿಕೊಂಡು ಹೋದಿರಿ. ಎದುರಾಳಿಯ ಕಾಲ್ಬೆರಳು ಯಾವ ಕಡೆ ತಿರುಗಿದೆ ಎಂದು ಕಾಣುವ ಕಣ್ಣು ರಾಯ್ಸ್ ಟಟಲ್‌ರದು ಎಂದು ಊರೇ ಹೊಗಳುತ್ತದೆ. "ಎಲ್ಲಿಗೆ ಹೊರಟೆ?" ಎಂದು ನೀವು ಕೇಳಲಿ ಅಂತ ಅಮ್ಮ ಎರಡು ದಿನ ಕಾದಳು. ನೀವು ಕೇಳಲಿಲ್ಲ. ಮೂರನೆಯ ದಿನ ನಾನು ಅವಳ ಜೊತೆ ಕಾರು ಹತ್ತಿದ್ದು ಅದಕ್ಕೇ.

ಇಂತಿ,
ಕೆ. ಟಟಲ್ (ಅಂಗಿ ಸಂಖ್ಯೆ 12)


ಟಾಲಿವರ್
ಸೆಪ್ಟೆಂಬರ್ 28, 1986

ಕರ್ಬಿ,

"ಕೋಚ್ ಟಟಲ್ ಅವರಿಗೆ" ಎಂಬಲ್ಲಿಗೆ ಬಂದು ಮೂರು ಸಲ ನಿಂತೆ. ಸರಿ, ಅಷ್ಟಕ್ಕಾದರೂ ಯೋಗ್ಯನಾಗಿದ್ದೇನಲ್ಲ.

ಸೂಟ್‌ಕೇಸಿನ ಮಾತು ನಿಜ. ತಪ್ಪಿಸಿಕೊಳ್ಳುವುದಿಲ್ಲ. ಅದು ನೀಲಿ ಎಂದು ಗೊತ್ತಾದದ್ದೂ ನಿನ್ನ ಕಾಗದ ಓದಿದ ಮೇಲೆಯೇ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ನಾನು ಆ ಬುಡದಲ್ಲೇ ಕುರ್ಚಿ ಹಾಕಿಕೊಂಡು ಕೂತವನು. ತಪ್ಪಾಯಿತು. ಇದನ್ನು ನಿನ್ನ ಅಮ್ಮನಿಗೆ ಎರಡು ವರ್ಷದ ಹಿಂದೆ ಹೇಳಬೇಕಿತ್ತು, ನಿನಗೆ ಅದಕ್ಕೂ ಮೊದಲು.

ಇದರ ಮುಂದೆ ಏನು ಬರೆಯಬೇಕೋ ತೋಚುತ್ತಿಲ್ಲ. ಎರಡು ಸಲ ಎದ್ದು ಕಾಫಿ ಕಾಸಿದೆ, ಎರಡು ಸಲವೂ ಕುಡಿಯಲಿಲ್ಲ. ನನಗೆ ಬರುವುದು ಒಂದೇ ವಿಷಯ, ಅದನ್ನೇ ಬರೆಯುತ್ತೇನೆ. ನಿನ್ನಂಥ ಎಸೆಗಾರ ಎದುರಿಗೆ ಬಂದರೆ ಎಲ್ಲರೂ ಮಾಡುವ ತಪ್ಪು ಒಂದಿದೆ. ಹೆದರಿ, ಇದ್ದಬದ್ದವರನ್ನೆಲ್ಲ ಅವನ ಮೇಲೆ ನುಗ್ಗಿಸುತ್ತಾರೆ. ಅವನು ಅವರು ಬರುವುದರೊಳಗೆ ಚೆಂಡು ಬಿಟ್ಟಿರುತ್ತಾನೆ. ಹಿಂದೆ ಬಯಲು ಬಿದ್ದಿರುತ್ತದೆ, ಹಿಡಿದವನು ಹೊಲಕ್ಕೆ ನುಗ್ಗಿದ ಹೋರಿಯಂತೆ ಓಡುತ್ತಾನೆ. ನಾನು ಈ ವರ್ಷ ತಿರುವುಮುರುವು ಮಾಡಿದ್ದೇನೆ. ಮೂವರು ಮಾತ್ರ ನುಗ್ಗುತ್ತಾರೆ, ಎಂಟು ಜನ ಹಿಂದೆ ಸರಿದು ಜಾಗ ಕಾಯುತ್ತಾರೆ. ಚಿಕ್ಕ ಎಸೆತ ಬೇಕೇ, ತಗೋ, ಹಿಡಿದ ಕೂಡಲೇ ಅಲ್ಲೇ ಕೆಡವುತ್ತೇವೆ. ದೊಡ್ಡದನ್ನು ಮಾತ್ರ ಕೊಡುವುದಿಲ್ಲ. ಎಸೆಗಾರನನ್ನು ಕೆಡವಬೇಡಿ, ಕಾಯಿಸಿ. ಹದಿನೇಳು ವರ್ಷದವನಿಗೆ ಕಾಯುವುದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ತಾಳಿದವನು ಬಾಳಿಯಾನು ಎಂದು ಹುಡುಗರಿಗೆ ದಿನಾ ಹೇಳುತ್ತೇನೆ, ಹೇಳುತ್ತಾ ನಾನು ಕುಂಟಿಕೊಂಡು ತಿರುಗುತ್ತಿರುತ್ತೇನೆ.

ನಮ್ಮ ನಡುಗಾವಲಿಗೆ ಎಲಾಯ್ ಬಾಕಾ ಎಂಬುವನಿದ್ದಾನೆ. ಹತ್ತಿ ಗಿರಣಿಯ ಬಾಕಾನ ಮಗ, ಸಂಖ್ಯೆ 54. ಕಂಬದಂಥ ಆಳು, ಕೈಗೆ ಚೆಂಡು ಕೊಟ್ಟರೂ ಬೀಳಿಸುತ್ತಾನೆ. ಮೊನ್ನೆ ಕೇಳಿದ, "ಕೋಚ್, ಕಾಯೋದು ಅಂದ್ರೆ ನಾನೇನ್ ಮಾಡ್ಬೇಕು?" "ಏನೂ ಮಾಡ್ಬಾರ್ದು ಕಣೋ, ನಿನ್ ಜಾಗ ಬಿಡ್ಬಾರ್ದು ಅಷ್ಟೇ" ಎಂದೆ. "ಅಯ್ಯೋ ಅದಾ! ಗಣಿತದ ಕ್ಲಾಸಲ್ಲಿ ನಾನು ದಿನಾ ಮಾಡೋದೇ ಅದು" ಎಂದ.

ಅಮ್ಮ ನಗುತ್ತಾಳೆಯೇ?

ಅಪ್ಪ


ಪ್ರೇಟರ್
ಅಕ್ಟೋಬರ್ 26, 1986

ಕೋಚ್,

ಹತ್ತನೆಯ ತಾರೀಕು ನಿಮಗೆ ಆಟವಿರಲಿಲ್ಲ. ನಮಗಿತ್ತು. ಎದುರು ತಂಡದ ಜನರ ನಡುವೆ, ಮೇಲಿನ ಸಾಲಿನಲ್ಲಿ, ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಒಬ್ಬ ಮುದುಕ ಕೂತಿದ್ದನಂತೆ. ಅರ್ಧ ಆಟಕ್ಕೇ ಎದ್ದು ಹೋದನಂತೆ. ಟೋಪಿ ಮುಖ ಮುಚ್ಚುತ್ತದೆ ಕೋಚ್, ಕುಂಟು ಮುಚ್ಚುವುದಿಲ್ಲ. ಪಾಪ್‌ಕಾರ್ನ್ ಮಾರುವ ಹೆಂಗಸು ಅಮ್ಮನಿಗೆ ಹೇಳಿದಳು, "ನೆಲ್ಡಾ, ನಿನ್ ಹಳೇ ಗಂಡ ಮೆಟ್ಲಿಳಿಯೋದು ನೋಡ್ದೆ, ಪ್ರತಿ ಮೆಟ್ಲಿಗೂ ಒಂದೊಂದು ಬೈಗುಳ."

ಒಂದೇ ಪ್ರಶ್ನೆ. ಅಪ್ಪನಾಗಿ ಬಂದಿದ್ದಿರೋ, ಕದ್ದು ನೋಡಲು ಬಂದಿದ್ದಿರೋ?

ನಾವೂ ಗೆಲ್ಲುತ್ತಿದ್ದೇವೆ, ನೀವೂ ಗೆಲ್ಲುತ್ತಿದ್ದೀರಿ. ಪಂದ್ಯಾವಳಿಯ ಪಟ್ಟಿ ನೋಡಿದೆ. ಇಬ್ಬರೂ ಸೋಲದಿದ್ದರೆ ಡಿಸೆಂಬರ್ ಮೊದಲ ಶುಕ್ರವಾರ ಎದುರುಬದುರು. ಒಂದು ಕಾಲೇಜಿನವರು ನನ್ನನ್ನು ನೋಡಲು ಎರಡು ಸಲ ಬಂದಿದ್ದಾರೆ. ಆ ಆಟಕ್ಕೂ ಬರುತ್ತಾರಂತೆ. ಅವರು ಓದಿಸಿದರೆ ಓದು, ಇಲ್ಲದಿದ್ದರೆ ಇಲ್ಲೇ ದನದ ಕೊಟ್ಟಿಗೆಯಲ್ಲಿ ಮೇವು ತಳ್ಳುವ ಕೆಲಸ ಖಾಯಂ. ಇದನ್ನು ನಿಮಗೆ ಯಾಕೆ ಬರೆದೆನೋ ಗೊತ್ತಿಲ್ಲ.

ಅಮ್ಮ ನಗುತ್ತಾಳೆ. ಮೊದಲಿಗಿಂತ ಹೆಚ್ಚು.

ಕರ್ಬಿ


ಟಾಲಿವರ್
ನವೆಂಬರ್ 10, 1986

ಕರ್ಬಿ,

ನಿನ್ನ ಪ್ರಶ್ನೆಗೆ ಹದಿನೈದು ದಿನ ಉತ್ತರ ಹುಡುಕಿದೆ. ಅಪ್ಪನಾಗಿಯೇ ಕಾರು ಹತ್ತಿದ್ದೆ, ಸೀಟಿನ ಮೇಲೆ ನಿನಗೆಂದು ಪೆಕಾನ್ ಬೀಜದ ಪೈ ಕೂಡ ಇಟ್ಟುಕೊಂಡಿದ್ದೆ. ನೀನು ಮೊದಲ ಉದ್ದ ಎಸೆತ ಎಸೆದೆ. ಎದ್ದು ನಿಂತು ಕೂಗಿಬಿಟ್ಟೆ, ಎದುರು ತಂಡದವರ ಮಧ್ಯೆ! ಪಕ್ಕದವನು ನನ್ನನ್ನು ತಿನ್ನುವ ಹಾಗೆ ನೋಡಿದ. ಎರಡನೆಯ ಸಲ ಎಸೆದಾಗ ನನ್ನ ಕಣ್ಣು ಚೆಂಡಿನ ಹಿಂದೆ ಹೋಗಲಿಲ್ಲ. ನಿನ್ನ ಕಾಲು ನೋಡಿತು, ಹೆಗಲು ನೋಡಿತು, ಸೊಂಟ ನೋಡಿತು. ಹತ್ತೊಂಬತ್ತು ವರ್ಷದ ಚಾಳಿ. ನಾನು ಯಾರಾಗಿ ಬಂದಿದ್ದೇನೆ ಎಂದು ನನಗೇ ಗೊತ್ತಾಗದೆ ಹೋಯಿತು, ಅದಕ್ಕೇ ಎದ್ದುಬಂದೆ. ಪೈಯನ್ನು ದಾರಿಯಲ್ಲಿ ನಾನೇ ತಿಂದೆ.

ಒಂದು ಒಪ್ಪಂದ ಮಾಡಿಕೊಳ್ಳೋಣ. ನಾವು ಎದುರುಬದುರಾಗುವುದು ಖಚಿತವಾದ ದಿನದಿಂದ ಆಟ ಮುಗಿಯುವವರೆಗೆ ಕಾಗದವಿಲ್ಲ, ಫೋನಿಲ್ಲ. ನೀನು ನಿನ್ನ ತಂಡದವನು, ನಾನು ನನ್ನ ತಂಡದವನು. ನಿನ್ನ ಜೊತೆಗಿರುವ ಹುಡುಗರಿಗೂ, ನನ್ನನ್ನು ನಂಬಿದ ಹನ್ನೊಂದು ಹುಡುಗರಿಗೂ ಅದು ನ್ಯಾಯ.

ಆದರೆ ಅಲ್ಲಿಯವರೆಗೆ ಬರೆಯಬಹುದಲ್ಲ?

ಅಪ್ಪ


ಪ್ರೇಟರ್
ನವೆಂಬರ್ 29, 1986

ರಾಯ್ಸ್,

ಒಪ್ಪಂದ ನಿಮ್ಮಿಬ್ಬರದು, ನನ್ನದಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ಇಬ್ಬರೂ ಗೆದ್ದಿರಿ, ಈಗ ಇಬ್ಬರಲ್ಲಿ ಒಬ್ಬರು ಸೋಲಬೇಕು. ಊರಿನವರೆಲ್ಲ ನನ್ನ ಮುಖ ನೋಡುತ್ತಾರೆ, ನಾನು ಯಾವ ಬಣ್ಣದ ಸ್ವೆಟರ್ ಹಾಕುತ್ತೇನೆ ಎಂದು.

ಕರ್ಬಿ ಸರಿಯಾಗಿ ಉಣ್ಣುತ್ತಿಲ್ಲ. ಮೆಟ್ಟಿಲ ಮೇಲೆ ಚೆಂಡು ಹಿಡಿದು ಕೂತಿರುತ್ತಾನೆ. "ಅಪ್ಪ ಖಂಡಿತ ನೋಡಿರ್ತಾನೆ. ನೋಡಿದ್ರೆ ಬಿಡಲ್ಲ" ಎನ್ನುತ್ತಾನೆ. ಏನನ್ನು ಎಂದು ಕೇಳಿದರೆ, "ನಿಂಗೆ ಗೊತ್ತಾಗಲ್ಲ ಬಿಡಮ್ಮ" ಎಂದು ಎದ್ದು ಹೋಗುತ್ತಾನೆ. ನನಗೆ ಆಟ ಗೊತ್ತಾಗುವುದಿಲ್ಲ, ನಿಜ. ನಿಮ್ಮಿಬ್ಬರ ಮುಖ ಗೊತ್ತಾಗುತ್ತದೆ.

ಕಾಲೇಜಿನವರು ಬರುವ ವಿಷಯ ನಿನಗೆ ಗೊತ್ತಂತೆ. ನಾನು ಏನನ್ನೂ ಕೇಳುತ್ತಿಲ್ಲ. ನಿನ್ನ ಹತ್ತಿರ ಯಾವುದನ್ನೂ ಎರಡು ಸಲ ಕೇಳಿದವಳಲ್ಲ ನಾನು. ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೋ, ಉತ್ತರದ ಗಾಳಿ ಬರುತ್ತಿದೆ.

ನೆಲ್ಡಾ


ಟಾಲಿವರ್
ಡಿಸೆಂಬರ್ 2, 1986

ಕರ್ಬಿ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಮಾತು ಕೊಟ್ಟಿದ್ದೇನೆ. ಆದರೆ ಯಾರಿಗಾದರೂ ಹೇಳದಿದ್ದರೆ ತಲೆ ಸಿಡಿಯುತ್ತದೆ, ಹೇಳುವುದಕ್ಕೆ ನಿನ್ನನ್ನು ಬಿಟ್ಟು ಯಾರೂ ತೋಚುತ್ತಿಲ್ಲ.

ಶನಿವಾರ ಬೆಳಿಗ್ಗೆ ವಾಡಿಕೆಯಂತೆ ನಾನೂ ಗ್ರೇಡಿಯೂ ನಡುದಾರಿಯ ಹೋಟೆಲಿನಲ್ಲಿ ನಿಮ್ಮ ಕೋಚನ್ನು ಕಂಡೆವು. ನಾಣ್ಯ ಚಿಮ್ಮಿ ಮೈದಾನ ಗೊತ್ತು ಮಾಡಿದೆವು. ನಿಮ್ಮ ಎರಡು ಆಟದ ಫಿಲ್ಮ್ ಡಬ್ಬ ನಮಗೆ, ನಮ್ಮದು ನಿಮಗೆ. ಕೈ ಕುಲುಕಿ, ಒಂದೇ ಮೇಜಿನಲ್ಲಿ ಮೊಟ್ಟೆ ತಿಂದು ಎದ್ದೆವು. ಭಾನುವಾರ ಚರ್ಚು ಮುಗಿಸಿ ಬಂದು, ಮೈದಾನದ ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ, ಒಬ್ಬನೇ ಪ್ರೊಜೆಕ್ಟರ್ ಹಚ್ಚಿದೆ. ಮೂರನೆಯ ಎಸೆತಕ್ಕೇ ಕಂಡಿತು. ಹಿಂದಕ್ಕೆ ಸುತ್ತಿದೆ, ಮತ್ತೆ ನೋಡಿದೆ. ಹದಿನಾಲ್ಕು ಉದ್ದ ಎಸೆತ. ಹದಿನಾಲ್ಕು ಸಲವೂ ಬಿಡುವ ಮುಂಚೆ ನಿನ್ನ ಎಡಗೈ ಚೆಂಡನ್ನು ಎರಡು ಸಲ ತಟ್ಟುತ್ತದೆ. ಚಿಕ್ಕ ಎಸೆತಕ್ಕೆ ತಟ್ಟುವುದಿಲ್ಲ. ಬೇರೆ ಯಾವ ಕೋಚಿಗೂ ಇದು ಕಂಡಿಲ್ಲ, ಕಂಡಿದ್ದರೆ ನೀವು ಇಲ್ಲಿಯವರೆಗೆ ಬರುತ್ತಿರಲಿಲ್ಲ.

ಇದನ್ನು ನನ್ನ ಹುಡುಗರಿಗೆ ಹೇಳಿದರೆ ಆಟ ಅಲ್ಲಿಗೆ ಮುಗಿಯಿತು. ಎರಡು ತಟ್ಟು ಕಂಡ ಕೂಡಲೇ ಎಲ್ಲರೂ ಹಿಂದಕ್ಕೆ ಓಡಿದರೆ ಸಾಕು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಆದರೆ ಆ ತಟ್ಟು ಯಾರದು? ನಿನಗೆ ಆರು ವರ್ಷ. ಮನೆಯ ಹಿಂದಿನ ಬಯಲು, ಗ್ಯಾಸಿನ ಟ್ಯಾಂಕಿನ ಪಕ್ಕ. ನೀನು ಎಸೆಯುವವನು, ನಾನು ಓಡಿ ಹಿಡಿಯುವವನು. ನನ್ನ ಮಂಡಿ ಆಗಲೇ ಕೆಟ್ಟಿತ್ತು, ನೀನು ಎಸೆಯುವ ಹೊತ್ತಿಗೆ ನಾನು ಅರ್ಧದಲ್ಲಿರುತ್ತಿದ್ದೆ. ಚೆಂಡು ನನ್ನ ತಲೆಯ ಮೇಲೆ ಹೋಗಿ ಬೀಳುತ್ತಿತ್ತು, ನೀನು ಅಳುತ್ತಿದ್ದೆ. ಆಗ ನಾನು ಹೇಳಿದೆ: "ಎರಡು ಸಲ ತಟ್ಟು ಮರಿ, ಆಮೇಲೆ ಎಸಿ. ಅಷ್ಟೊತ್ತಿಗೆ ಅಪ್ಪ ಅಲ್ಲಿಗೆ ಮುಟ್ಟಿರ್ತಾನೆ." ಹನ್ನೊಂದು ವರ್ಷವಾಯಿತು. ನೂರಿಪ್ಪತ್ತು ಮೈಲಿ ಆಚೆಗಿದ್ದೀಯ, ನನ್ನನ್ನು ಕೋಚ್ ಎನ್ನುತ್ತೀಯ. ಆದರೂ ದೂರಕ್ಕೆ ಎಸೆಯುವಾಗೆಲ್ಲ ನಿನ್ನ ಕೈ ನನ್ನ ಕುಂಟು ಕಾಲಿಗೆ ಕಾಯುತ್ತಿದೆ. ಫಿಲ್ಮ್ ಮುಗಿದು ರೀಲು ಪಟಪಟ ಹೊಡೆದುಕೊಳ್ಳುತ್ತಿತ್ತು, ನಾನು ಆರಿಸಲು ಏಳಲಿಲ್ಲ. ಅತ್ತುಬಿಟ್ಟೆ ಕಣೋ.

ಸೋಮವಾರ ಗ್ರೇಡಿ ಕೇಳಿದ. ಸುತ್ತಿ ಬಳಸಿ ಅಲ್ಲ, ನೇರವಾಗಿ. "ನೀನು ಅವನಪ್ಪ. ಅವನ ಕೈಲಿ ಕಾಲಲ್ಲಿ ಏನಾದ್ರೂ ಸುಳಿವಿದ್ಯಾ?"

"ಏನಿಲ್ಲ," ಎಂದೆ.

"ನೋಡಿದ್ಯಾ ಸರಿಯಾಗಿ?"

"ನೋಡ್ದೆ ಗ್ರೇಡಿ. ಹುಡ್ಗನಲ್ಲಿ ಒಂದೂ ಸುಳಿವಿಲ್ಲ."

ಹತ್ತೊಂಬತ್ತು ವರ್ಷದಲ್ಲಿ ಅವನಿಗೆ ಹೇಳಿದ ಮೊದಲ ಸುಳ್ಳು. ಅತ್ತ ದರಿ, ಇತ್ತ ಪುಲಿ. ನಿನ್ನನ್ನು ಕೊಟ್ಟರೆ ಅಪ್ಪನಲ್ಲ, ಮುಚ್ಚಿಟ್ಟರೆ ಆ ಹನ್ನೊಂದು ಹುಡುಗರ ಕೋಚಲ್ಲ. ಎಲಾಯ್ ಇವತ್ತು ಹತ್ತಿ ಗಿರಣಿಯಿಂದ ನೇರ ಬಂದ, ಕೂದಲಲ್ಲಿ ಹತ್ತಿ. "ನೀವು ಎಲ್ ನಿಲ್ಲು ಅಂದ್ರೆ ಅಲ್ ನಿಲ್ತೀನಿ ಕೋಚ್" ಎಂದ. ಅವನ ಮುಖ ನೋಡಲು ಆಗಲಿಲ್ಲ. ರಾಜೀನಾಮೆ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೇನೆ. ಸೋತರೆ ಮೈದಾನದಲ್ಲೇ ಗ್ರೇಡಿಗೆ ಕೊಡುತ್ತೇನೆ.

ಹುಡುಗರು ತಾವಾಗಿಯೇ ಕಂಡುಹಿಡಿದರೆ? ಅದಕ್ಕೂ ದಾರಿ ಮಾಡಿದೆ. "ಎಸೆಗಾರನ ಕೈ ಯಾರೂ ನೋಡ್ಬೇಡಿ. ಕೈ ನೋಡ್ದೋರಿಗೆ ಐವತ್ತು ಸುತ್ತು" ಎಂದು ಕೂಗಿದೆ. "ಯಾಕೆ ಕೋಚ್?" ಎಂದು ಎಲಾಯ್ ಕೇಳಿದ. ಬಾಯಿಗೆ ಬಂದದ್ದು ಹೇಳಿದೆ: "ಕೈ ಸುಳ್ಳು ಹೇಳುತ್ತೆ ಕಣೋ. ನಿನ್ ಜಾಗ ನೋಡ್ಕೋ."

ಮೂವರು ಮುಂದೆ, ಎಂಟು ಹಿಂದೆ. ನಿನ್ನನ್ನು ಕಾಯಿಸುತ್ತೇನೆ. ತಡೆಯುವುದಾದರೆ ನ್ಯಾಯವಾಗಿ ತಡೆಯುತ್ತೇನೆ, ಆಗದಿದ್ದರೆ ಸೋಲುತ್ತೇನೆ. ಇನ್ನು ಮೂರು ದಿನ. ಹೇಗೆ ಕಳೆಯಬೇಕೋ ಗೊತ್ತಿಲ್ಲ.

ಅಪ್ಪ


ಪ್ರೇಟರ್
ಡಿಸೆಂಬರ್ 7, 1986

ಅಪ್ಪ,

ಆಟ ಮುಗಿಯಿತು, ಒಪ್ಪಂದವೂ ಮುಗಿಯಿತು. 17-14. ನೀವು ಗೆದ್ದಿರಿ, ನಿನಗೆ ಅಭಿನಂದನೆ. ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ಶುಕ್ರವಾರದಿಂದ ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ನಿನ್ನ ರೋಗ ನನಗೂ ಅಂಟಿದೆ.

ನಾನು ಮಾಡಿದ್ದನ್ನು ಹೇಳುತ್ತೇನೆ. ಅಕ್ಟೋಬರಿನಲ್ಲಿ ನನ್ನದೇ ಫಿಲ್ಮ್ ನೋಡುವಾಗ ನನಗೆ ಕಂಡಿತು: ಉದ್ದ ಎಸೆತಕ್ಕೆ ಮುಂಚೆ ಎರಡು ಸಲ ತಟ್ಟುತ್ತೇನೆ. ಎಲ್ಲಿಂದ ಬಂತು ಎಂದೂ ತಕ್ಷಣ ನೆನಪಾಯಿತು. ನಮ್ಮ ಕೋಚ್ ಬಿಡಿಸೋಣ ಎಂದರು. ನಾನೇ ಬೇಡ ಎಂದೆ. "ಟಾಲಿವರ್ ಎದುರಿಗೆ ಬಂದ್ರೆ ನಮ್ಮಪ್ಪ ಇದನ್ನ ನೋಡೇ ನೋಡ್ತಾನೆ. ನೋಡಿದ್ರೆ ಬಳಸೇ ಬಳಸ್ತಾನೆ. ಇರ್ಲಿ ಬಿಡಿ" ಎಂದೆ. ನವೆಂಬರ್ ಪೂರ್ತಿ ಬೇಕೆಂದೇ ತಟ್ಟಿದೆ, ನಿನ್ನ ಕೈಗೆ ಬರುವ ಫಿಲ್ಮಿನಲ್ಲಿ ಸ್ಪಷ್ಟವಾಗಿ ಕಾಣಲಿ ಎಂದು. ನಮ್ಮ ಇಡೀ ಆಟ ನಿಂತದ್ದು ಅದರ ಮೇಲೆ. ನಾನು ಎರಡು ಸಲ ತಟ್ಟುವುದು, ನಿನ್ನ ಹುಡುಗರು ಹಿಂದಕ್ಕೆ ಓಡುವುದು, ನಡುವೆ ಬಯಲು ಬಿದ್ದಾಗ ಚಿಕ್ಕದಾಗಿ ಅಲ್ಲಿಗೇ ಎಸೆಯುವುದು. ನಿನ್ನ ಮಾತಿನಿಂದಲೇ ನಿನಗೆ ಗುಂಡಿ ತೋಡಿದ್ದೆ.

ಮೊದಲ ಸಲ ತಟ್ಟಿದೆ, ಯಾರೂ ಅಲುಗಲಿಲ್ಲ. ಎರಡನೆಯ ಸಲವೂ ಇಲ್ಲ. ನಾಟಕ ಮಾಡುತ್ತಿದ್ದಾರೆ, ಕೊನೆಗೆ ಓಡುತ್ತಾರೆ ಎಂದುಕೊಂಡೆ. ಅಷ್ಟು ನಂಬಿಕೆ ನನಗೆ ನಿನ್ನ ಮೇಲೆ, ಕೆಟ್ಟ ನಂಬಿಕೆ. ಕೊನೆಗೆ ನಲವತ್ತು ಸೆಕೆಂಡ್ ಉಳಿದಿತ್ತು. ನಾಲ್ಕನೆಯ ಯತ್ನ, ಎಂಟು ಗಜ ಬೇಕು. ಉತ್ತರದ ಗಾಳಿಗೆ ಬೆರಳು ಸೆಟೆದಿದ್ದವು. ಎರಡು ಸಲ ತಟ್ಟಿದೆ. ನಡುಗಾವಲಿನವನು ಈ ಸಲ ಓಡಿಯೇ ಓಡುತ್ತಾನೆ ಎಂದು ಎಷ್ಟು ಖಚಿತವಿತ್ತೆಂದರೆ, ನೋಡಲೂ ಇಲ್ಲ. ಎಸೆದುಬಿಟ್ಟೆ. ಆ 54 ನಿಂತಲ್ಲೇ ನಿಂತಿದ್ದ. ಅವನು ಚೆಂಡು ಹಿಡಿಯಲಿಲ್ಲ ಅಪ್ಪ, ಚೆಂಡೇ ಹೋಗಿ ಅವನ ಎದೆಗೆ ಅಂಟಿಕೊಂಡಿತು. ಹೆದರಿ ಎರಡೂ ಕೈಯಲ್ಲಿ ಅಪ್ಪಿಕೊಂಡು ನೆಲಕ್ಕೆ ಬಿದ್ದ.

ಆಟ ಮುಗಿದು ಕೈ ಕುಲುಕುವಾಗ ಅವನನ್ನು ಹಿಡಿದು ನಿಲ್ಲಿಸಿದೆ.

"ನಾನು ತಟ್ಟಿದ್ದು ನೋಡ್ಲಿಲ್ವಾ?"

"ಏನು ತಟ್ಟಿದ್ದು?"

"ಚೆಂಡು. ಎರಡು ಸಲ."

"ನಿನ್ ಕೈ ಯಾವನ್ ನೋಡ್ತಾನೆ ಮಾರಾಯ. ಕೈ ನೋಡಿದ್ರೆ ಐವತ್ತು ಸುತ್ತು ಅಂದಿದ್ರು ನಮ್ ಕೋಚ್. ಕೈ ಸುಳ್ಳು ಹೇಳುತ್ತಂತೆ."

ಸಾಲಿನಲ್ಲಿ ನಿನ್ನ ಸರದಿ ಬಂತು. "ಚೆನ್ನಾಗಾಡ್ದೆ" ಎಂದೆ ನೀನು, ಎಲ್ಲರಿಗೂ ಹೇಳಿದ ಹಾಗೇ. ನಿನ್ನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಕಾಲೇಜಿನವರು ಆಮೇಲೆ ಸಿಕ್ಕರು. ಒಂದೇ ಮಾತು ಕೇಳಿದರು: "ಕೊನೇದನ್ನ ಯಾಕೆ ನೋಡ್ದೇ ಎಸ್ದೆ?" ವಸಂತದಲ್ಲಿ ಇನ್ನೊಮ್ಮೆ ಬರುತ್ತಾರಂತೆ, ನೋಡಿ ಎಸೆಯುವುದನ್ನು ಕಲಿತಿದ್ದರೆ ಮಾತಾಡೋಣ ಎಂದರು.

ಈಗ ನನ್ನ ಪ್ರಶ್ನೆ. ಇದಕ್ಕಾಗಿಯೇ ಈ ಕಾಗದ. ನೀನು ಆ ತಟ್ಟನ್ನು ನೋಡಲೇ ಇಲ್ಲವೋ, ನೋಡಿಯೂ ಬಳಸಲಿಲ್ಲವೋ? ನೋಡಿರದಿದ್ದರೆ ಅದೂ ಸೂಟ್‌ಕೇಸಿನ ಹಾಗೇ, ನನಗೆ ಅಭ್ಯಾಸವಾಗಿದೆ, ಬೇಜಾರಿಲ್ಲ. ನೋಡಿಯೂ ಬಿಟ್ಟಿದ್ದರೆ ನಾನು ನಿನ್ನ ವಿಷಯದಲ್ಲಿ ಮಾಡಿದ್ದು ದೊಡ್ಡ ತಪ್ಪು. ಸೂಟ್‌ಕೇಸ್ ದಾಟಿಕೊಂಡು ಹೋದವನು ನನ್ನನ್ನೂ ದಾಟಿಕೊಂಡು ಹೋಗುತ್ತಾನೆ ಎಂದೇ ಲೆಕ್ಕ ಹಾಕಿದ್ದೆ. ನಿಜ ಬರೆ. ನನ್ನ ಸಮಾಧಾನಕ್ಕೆಂದು ಸುಳ್ಳು ಬರೆದರೆ ನನಗೆ ಗೊತ್ತಾಗುತ್ತದೆ.

ಕರ್ಬಿ


ಟಾಲಿವರ್
ಡಿಸೆಂಬರ್ 10, 1986

ಕರ್ಬಿ,

ಇದರ ಜೊತೆ ಇನ್ನೊಂದು ಕಾಗದ ಮಡಿಸಿ ಇಟ್ಟಿದ್ದೇನೆ. ತಾರೀಕು ನೋಡಿಕೋ, ಡಿಸೆಂಬರ್ 2. ಎಂಟು ದಿನ ನನ್ನ ಜೇಬಿನಲ್ಲಿ ರಾಜೀನಾಮೆಯ ಜೊತೆಗಿತ್ತು, ಅದಕ್ಕೇ ಅಂಚು ಸವೆದಿದೆ, ಒಂದು ಮೂಲೆಗೆ ಸಾಸಿವೆ ತಾಗಿದೆ. ಮೊದಲು ಅದನ್ನು ಓದು, ಆಮೇಲೆ ಇದಕ್ಕೆ ಬಾ. ನಾನು ಕಾಯುತ್ತೇನೆ.

ಓದಿದೆಯಾ? ನಿನ್ನ ಕೈಯನ್ನು ಮುಚ್ಚಿಡಲೆಂದು ನಾನು ಹುಡುಗರಿಗೆ ಹೇಳಿದ ಸುಳ್ಳು ನಿಜವಾಗಿತ್ತು ನೋಡು. ಕೈ ಸುಳ್ಳು ಹೇಳುತ್ತಿತ್ತು. ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು, ಎದ್ದು ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದೆ. ಐದನೆಯ ಸುತ್ತಿಗೆ ನಗು ಬಂತು. ನನಗೇ ಗುಂಡಿ ತೋಡುವಷ್ಟು ಬೆಳೆದಿದ್ದೀಯ, ಬಡ್ಡಿಮಗನೇ. ಆದರೆ ಒಂದು ನೋವು ಉಳಿಯಿತು, ಮುಚ್ಚಿಡುವುದಿಲ್ಲ. ಅಪ್ಪ ನೋಡಿದರೆ ಬಿಡುವುದಿಲ್ಲ ಎಂದು ನೀನು ಅಷ್ಟು ಖಚಿತವಾಗಿ ನಂಬಿದ್ದೆಯಲ್ಲ. ಆ ನಂಬಿಕೆಯನ್ನು ನಿನಗೆ ಕಲಿಸಿದವನೂ ನಾನೇ, ತಟ್ಟುವುದನ್ನು ಕಲಿಸಿದ ಹಾಗೆ.

ಸೋಮವಾರ ಗ್ರೇಡಿಗೆ ಎಲ್ಲ ಹೇಳಿದೆ. ಕುರ್ಚಿಯಿಂದ ಎದ್ದ, ಕೂತ, ಮತ್ತೆ ಎದ್ದ. "ಸೋತಿದ್ರೆ ಏನ್ ಮಾಡ್ತಿದ್ದೆ?" ಎಂದ. ರಾಜೀನಾಮೆ ತೆಗೆದು ಮೇಜಿನ ಮೇಲಿಟ್ಟೆ. ಅದನ್ನು ಜೇಬಿಗೆ ಹಾಕಿಕೊಂಡು ಹೊರಗೆ ಹೋದ. ನಿನ್ನೆ ಸಂಜೆ ಬಂದು ಮುಂದಿನ ಆಟದ ಫಿಲ್ಮ್ ಡಬ್ಬ ನನ್ನ ಮಡಿಲಿಗೆ ಎಸೆದ. "ಇವ್ರಲ್ಲಿ ನಿನ್ ನೆಂಟ್ರು ಯಾರಾದ್ರೂ ಇದಾರಾ? ಇದ್ರೆ ಈಗ್ಲೇ ಹೇಳ್ಬಿಡು" ಎಂದ. ರಾಜೀನಾಮೆಯ ಹಿಂಭಾಗದಲ್ಲಿ ಊಟದ ಪಟ್ಟಿ ಬರೆದುಕೊಂಡಿದ್ದಾನೆ.

ಎಲಾಯ್ ಆ ಚೆಂಡನ್ನು ಮನೆಗೆ ಒಯ್ದಿದ್ದಾನೆ. ಪಕ್ಕದಲ್ಲಿಟ್ಟುಕೊಂಡು ಮಲಗುತ್ತಾನೆಂದು ಅವನ ಅಪ್ಪ ದೂರು ಹೇಳಿದ.

ಅಮ್ಮನಿಗೆ ಹೇಳು, ಬಿಸಿನೀರಿನ ಚೀಲ ಇಟ್ಟುಕೊಂಡೆ. ಅವಳನ್ನು ಎಲ್ಲಿಗೆ ಹೊರಟೆ ಎಂದು ಎರಡು ವರ್ಷ ತಡವಾಗಿ ಕೇಳುತ್ತಿದ್ದೇನೆಂದೂ ಹೇಳು. ಉತ್ತರ ಬೇಕಿಲ್ಲ, ಕೇಳಿದೆ ಎಂದು ಗೊತ್ತಾದರೆ ಸಾಕು.

ಕ್ರಿಸ್ಮಸ್ ಮರುದಿನ ಬಾ. ಗ್ಯಾಸಿನ ಟ್ಯಾಂಕು ಅಲ್ಲೇ ಇದೆ, ಬಯಲೂ ಅಲ್ಲೇ ಇದೆ. ನೋಡಿ ಎಸೆಯುವುದನ್ನು ಕಲಿಯಬೇಕೆಂದರಲ್ಲ, ನೀನು ಎಸಿ, ನಾನು ಓಡುತ್ತೇನೆ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಮಂಡಿ ಮೊದಲಿನಂತಿಲ್ಲ ಮರಿ, ಈಗ ಮೂರು ಸಲ ತಟ್ಟಬೇಕಾಗುತ್ತದೆ.

ಅಪ್ಪ